ನೆಲಕ್ಕೆ ಸರಿಸಮ ನಿಂತ ನೀರು

ಆ ನೀರಿನ ಸುದ್ದಿ ಮನೆಗೆ ಬಂದ ದಿನ ಕಿರಿಯವಳು ಬಟ್ಟೆ ಮಡಚುತ್ತ ಕೂತಿದ್ದಳು. ಅವಳ ಓರಗಿತ್ತಿ ಕೆಲಸದಿಂದ ಬಂದವಳೇ ಒದ್ದೆ ಚಪ್ಪಲಿಯನ್ನು ಬಾಗಿಲಲ್ಲಿ ಬಿಸಾಡಿ, "ಬುದ್ಧಿ ಇರೋರು ಮಾಡೋ ಕೆಲಸಾನೇನೇ ಇದು?" ಎಂದು ಶುರುವಿಟ್ಟಳು.

ಅಣ್ಣತಮ್ಮಂದಿರನ್ನು ಮದುವೆಯಾಗಿ, ಇಬ್ಬರೂ ಗಂಡಂದಿರನ್ನು ಕಳೆದುಕೊಂಡು, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿದ್ದವರು ಅವರು. ಹಿರಿಯವಳದು ಹದಿನಾಲ್ಕು ಮಹಡಿಯ ಕಚೇರಿ ಕಟ್ಟಡದಲ್ಲಿ ಕೆಳಗಿನ ಹಜಾರ ಒರೆಸುವ ಕೆಲಸ. ಆ ಕಪ್ಪು ಕಲ್ಲಿನ ನೆಲದ ನಟ್ಟನಡುವೆ, ಎರಡು ಮಂಚ ಹಿಡಿಸುವಷ್ಟು ಜಾಗ ಅಗೆದು, ಚಂದಕ್ಕೆಂದು ನೀರು ನಿಲ್ಲಿಸಿದ್ದರು. ಕಟ್ಟೆಯಿಲ್ಲ, ಕಂಬಿಯಿಲ್ಲ. ತಳವೂ ಕಪ್ಪು, ನೀರು ನೆಲಕ್ಕೆ ಸರಿಸಮ. ಒರೆಸಿದ ಕಲ್ಲು ಯಾವುದು, ಅಲುಗದ ನೀರು ಯಾವುದು, ಕಟ್ಟಿದವನಿಗೇ ಗೊತ್ತಾಗಬೇಕು. ಮೊದಲ ದಿನವೇ ಮೂವರು ಮೊಣಕಾಲುದ್ದ ಇಳಿದಿದ್ದರು.

"ಒಬ್ಬ ಫೋನ್ ಕಿವೀಲಿಟ್ಕೊಂಡೇ ಇಳಿದ. ಇಳಿದ ಮೇಲೂ ಮಾತು ಬಿಡ್ಲಿಲ್ಲ, ಮಹರಾಯ!"

"ಯಾರು ಇಳಿದ್ರೆ ನಿಂಗೇನಕ್ಕ? ಒರೆಸು, ಬಾ."

"ಬಿದ್ದೋರು ಎದ್ದು ಯಾರನ್ನ ಬೈತಾರೆ ಹೇಳು? ಕೈಲಿ ಒರೆಸೋ ಕೋಲು ಹಿಡಿದೋಳನ್ನೇ."

ಹಿರಿಯವಳು ಸುತ್ತ ಹೂಕುಂಡ ಇಟ್ಟಳು. ಸೂಪರ್‌ವೈಸರ್ ಅಂದ ಕೆಡುತ್ತದೆಂದು ತೆಗೆಸಿದ. ಪಕ್ಕದಲ್ಲಿ ನಿಂತು "ನೀರು, ನೀರು" ಎಂದು ಕೂಗಿದಳು. ಬಂದವರ ಮೇಲೆ ಅರಚಬಾರದೆಂದ. ಗಾಳಿಗೆ ಗುದ್ದಿ ಕೈ ನೋಯಿಸಿಕೊಂಡಂತಾಯಿತು. ಅದೇ ವಾರ ಅರ್ಜಿ ಕೊಡಲು ಬಂದ ಮುದುಕನೊಬ್ಬ ಬಿದ್ದು ಮುಂಗೈ ಮುರಿದುಕೊಂಡ. ಅವತ್ತು ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ.

ಆಮೇಲೆ ಬೈಗುಳ ನಿಂತೇಹೋಯಿತು. ಈ ಬಾಯಿ ಸುಮ್ಮನೆ ಮುಚ್ಚುವುದಲ್ಲವಲ್ಲ ಎಂದು ಕಿರಿಯವಳು ಕೆದಕಿದಾಗ ಗುಟ್ಟು ಹೊರಬಿತ್ತು.

"ನಲ್ಲೀಲಿ ನೀರು ಹಿಡಿಯೋದೇ ಬಿಟ್ಟಿದೀನಿ. ಒರೆಸೋಕೆ ಅದರಲ್ಲೇ ಮೊಗೀತೀನಿ. ಮೂವತ್ತು ಬಕೆಟ್ ತೆಗೆದ್ರೆ ಮೂರು ಬೆರಳು ಇಳಿಯತ್ತೆ, ಅಂಚು ಕಾಣತ್ತೆ. ಹದಿನೈದು ದಿನದಿಂದ ಒಬ್ರೂ ಬಿದ್ದಿಲ್ಲ ಕಣೇ!"

"ಹಜಾರಕ್ಕೆ ಆರು ಬಕೆಟ್ ಸಾಕಲ್ಲಕ್ಕ?"

"ಮಿಕ್ಕಿದ್ದು ಮೋರಿಗೆ."

ಸಂಜೆ ಸೂಪರ್‌ವೈಸರ್ ಪೈಪ್ ಹಿಡಿದು ತುಂಬಿಸುವುದು, ಬೆಳಗಾದರೆ ಅವನು ಬರುವ ಮುಂಚೆ ಇವಳು ಇಳಿಸುವುದು. ತಳ ಸೋರುತ್ತಿದೆ ಎಂದು ಅವನು ಎರಡು ಸಲ ಕಲ್ಲು ಕೀಳಿಸಿ ಹಾಕಿಸಿದ. ಇವಳೋ ಕಲ್ಲುಪುಡಿಯನ್ನೂ ಒರೆಸಿ, ಮತ್ತೆ ಮೊಗೆಯಲು ಕೂತಳು. ಅವನಿಗೆ ಹಟ, ಇವಳಿಗೆ ಅದರಪ್ಪನಂಥ ಹಟ. ನಡುವೆ ಕಿರಿಯವಳಿಗೆ ದಿನಾ ಅಕ್ಕನ ಸೊಂಟಕ್ಕೆ ಎಣ್ಣೆ ತಿಕ್ಕುವ ಕರ್ಮ.

"ಊರೋರ ಕಾಲು ಕಾಯೋಕೆ ನಿನ್ನ ಸೊಂಟಾನೇ ಬೇಕಿತ್ತಾ?"

"ಮೇಲಕ್ಕೆ ತಿಕ್ಕು."

ಹನ್ನೊಂದು ತಿಂಗಳು ಹೀಗೇ ನಡೆಯಿತು. ಮೊದಲು ಸೊಂಟ ಹೋಯಿತು, ಆಮೇಲೆ ಉಬ್ಬಸ ಹಿಡಿಯಿತು. ಭಾರ ಎತ್ತಬೇಡ ಎಂದ ಡಾಕ್ಟರಿಗೆ ತಲೆಯಾಡಿಸಿ ಮಾರನೆಯ ದಿನವೇ ಕೆಲಸಕ್ಕೆ ಹೋದ ಪುಣ್ಯಾತ್ಗಿತ್ತಿ, ಅಲ್ಲೇ ಕುಸಿದು ಆಸ್ಪತ್ರೆ ಸೇರಿದಳು.

ನಾಲ್ಕನೆಯ ದಿನ ಬೆಳಗ್ಗೆ ಕಣ್ಣು ಬಿಟ್ಟು, ಮೂಗಿನ ನಳಿಕೆ ಸರಿಸಿ, ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಪೆಟ್ಟಿಗೆಯಲ್ಲಿಟ್ಟ ಒಡವೆಯ ವಿಚಾರವೋ, ಮದುವೆಯಾಗಿ ಹೋದ ಮಗಳ ವಿಚಾರವೋ ಎಂದು ಕಿರಿಯವಳು ಕಿವಿ ಕೊಟ್ಟಳು.

"ಈಗ ಯಾರೇ ಒರೆಸ್ತಿರೋದು?"

"ಯಾರೋ ಹೊಸಬಳಂತೆ. ಸಾಯೋ ಹೊತ್ತಲ್ಲೂ ಅದೇನಾ ಅಕ್ಕ?"

"ಅವಳಿಗೆ ಮೂವತ್ತು ಬಕೆಟ್ ಅಂತ ಹೇಳು. ಈಗ್ಲೇ ಹೋಗೇ, ಒಂಬತ್ತಕ್ಕೆ ಜನ ಬರ್ತಾರೆ."