ಹಳದಿ ತುಪ್ಪ

ಗೋವಾದ ಫೋಂಡಾದಲ್ಲಿ ನಮ್ಮದು ಪಶು ಆಹಾರದ ಅಂಗಡಿ. ಹಿಂಡಿ, ಬೂಸಾ, ವಿಟಮಿನ್ ಬಾಟಲಿ, ಎಲ್ಲ ಸಿಗುತ್ತದೆ. ಮಧ್ಯಾಹ್ನ ಗಂಡ ಊಟಕ್ಕೆ ಹೋದಾಗ ಗಲ್ಲಾದ ಮೇಲೆ ನಾನು ಕೂಡುತ್ತಿದ್ದೆ. ದನ ಸಾಕಿದವರು ಬಂದರೆ ಬಾಟಲಿಯ ಮೇಲಿನ ಚೀಟಿ ಓದಿ ಹೇಳುತ್ತಿದ್ದೆ. ಹಸಿರು ಮೇವಿಲ್ಲದಿದ್ದರೆ ದನಕ್ಕೆ ವಿಟಮಿನ್ ಎ ಸಾಲುವುದಿಲ್ಲ, ಮುಸ್ಸಂಜೆಗೆ ಕಣ್ಣು ಕಾಣದೆ ಎಡವುತ್ತದೆ, ಗಬ್ಬದ ಆಕಳಾದರೆ ಹೊಟ್ಟೆಯ ಕರುವಿಗೂ ಕುತ್ತು. ಊರಿಗೆಲ್ಲ ಹೀಗೆ ಶಾಸ್ತ್ರ ಹೇಳಿ ಮನೆಗೆ ಬಂದರೆ ಹಿತ್ತಲಲ್ಲಿ ನಮ್ಮ ಆಕಳು ಒಣ ಕಣಕಿ ಜಗಿಯುತ್ತಿತ್ತು.

ಆಕಳು ಅತ್ತೆಯದು. ನಮ್ಮ ಮೂಲ ಊರಾದ ಬೆಳಗಾವಿಯಿಂದ ಲಾರಿಯಲ್ಲಿ ತರಿಸಿದ್ದು. ಅದು ತಿನ್ನುವ ಜೋಳದ ಕಣಕಿಯೂ ಅಲ್ಲಿಂದಲೇ ಬರಬೇಕು, ವರ್ಷ ಹಳೆಯದಾಗಿ ಬಿಸಿಲಿಗೆ ಬಿಳಿಚಿಕೊಂಡಿದ್ದರೂ ಸರಿ. ನಮ್ಮ ಗೇಟಿನ ಹೊರಗೆ ಸೊಂಟದೆತ್ತರ ಹುಲ್ಲು ಬೆಳೆದಿರುತ್ತಿತ್ತು. ಅದನ್ನು ಆಕಳು ಮೂಸುವಂತಿಲ್ಲ.

“ಇಲ್ಲೀ ಹುಲ್ಲು ಬರೇ ನೀರು. ತಿಂದ್ರ ಹಾಲೂ ನೀರಾಗತೈತಿ,” ಎನ್ನುತ್ತಿದ್ದರು ಅತ್ತೆ.

ಅಂಗಡಿಯಿಂದ ಒಂದು ವಿಟಮಿನ್ ಬಾಟಲಿ ತರಲೇ ಎಂದು ಒಮ್ಮೆ ಕೇಳಿದ್ದೆ. “ಅವು ಮಾರಾಕ ಇಟ್ಟಾವು. ನಮ್ಮ ಆಕಳಿಗೆ ಏನ್ ಕಡಿಮಿ ಆಗೇತಿ?” ಅಂದರು. ಗೋವಾದ ನೀರು ಕುಡಿದು, ಗೋವಾದವರಿಗೆ ಮಾಲು ಮಾರಿ ಮನೆ ಕಟ್ಟಿದವರು ನಾವು. ಹುಲ್ಲು ಮಾತ್ರ ಕೀಳಾಗಿತ್ತು.

ನನ್ನನ್ನು ಅವರು ಅಳೆಯುತ್ತಿದ್ದದ್ದು ತುಪ್ಪದಿಂದ. ಆಕಳು ಬಂದ ಹೊಸದರಲ್ಲಿ ತುಪ್ಪ ಚೆನ್ನಾಗಿ ಹಳದಿ ಇತ್ತು. ಬರುಬರುತ್ತ ಬೆಣ್ಣೆ ಬೆಳ್ಳಗಾಯಿತು, ತುಪ್ಪವೂ ಬಣ್ಣಗೆಟ್ಟಿತು. ಫಾತೋರ್ಡಾದಿಂದ ನಾದಿನಿ ಬಂದ ದಿನ, ಬಿಸಿ ಅನ್ನಕ್ಕೆ ನಾನು ತುಪ್ಪ ಬಡಿಸುತ್ತಿರುವಾಗಲೇ ಅತ್ತೆ ಅವಳಿಗೆ ಹೇಳಿದರು: “ಈಕಿಗೆ ತುಪ್ಪಾ ಕಾಸಾಕ ಬರೂದಿಲ್ಲ. ತವರಮನಿಯಾಗ ವನಸ್ಪತಿ ತಿಂದು ಬೆಳದಾಳ.” ನಾದಿನಿ ನಕ್ಕಳು. ನನ್ನ ಗಂಡನೂ ನಕ್ಕ. ಆತ ನಕ್ಕಿದ್ದು ನನಗೆ ಇವತ್ತಿಗೂ ಉರಿಯುತ್ತದೆ.

ಮರುವಾರದಿಂದ ಬೆಣ್ಣೆ ಕಾಯಿಸುವಾಗ ವೀಳ್ಯದೆಲೆಯ ಜೊತೆ ಒಂದು ಚಿಟಿಕೆ ಅರಿಶಿನ ಹಾಕತೊಡಗಿದೆ. ಸೋಸಿದರೆ ಅರಿಶಿನ ತಳಕ್ಕೆ ಉಳಿಯುತ್ತದೆ, ಬಣ್ಣ ತುಪ್ಪಕ್ಕೆ. “ಈಗ ಕಲತಿ ನೋಡು,” ಅಂದರು ಅತ್ತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ದಿನಕ್ಕೊಮ್ಮೆ ನನಗೆ ಗಾದೆ ಹೇಳುತ್ತಿದ್ದವರು, ಹಳದಿ ಇರುವುದನ್ನು ಮಾತ್ರ ನಂಬಿದರು.

ಆಕಳು ಗಬ್ಬವಾಯಿತು. ತಿಂಗಳು ತುಂಬುತ್ತ ಬಂದಾಗ ಒಂದು ಸಂಜೆ ನೀರಿನ ಬಕೆಟ್‌ಗೆ ಎಡವಿತು, ಮರುದಿನವೂ ಎಡವಿತು. ನಾನು ನೋಡಿದೆ. ಅಂಗಡಿಯಲ್ಲಿ ಓದುವ ಚೀಟಿ ನೆನಪಾಯಿತು. ಹೇಳಲಿಲ್ಲ. ಹೇಳಿದರೆ ಮತ್ತೆ ತವರಿನ ಮಾತು ಬರುತ್ತಿತ್ತು. ಮೇಲಾಗಿ ಅದು ಅವರ ಆಕಳು, ಅವರ ಜಂಬ. ಒಮ್ಮೆ ಮುರಿಯಲಿ ಎಂಬ ಆಸೆಯೂ ನನಗಿತ್ತು.

ಹೋರಿಗರು ಹುಟ್ಟಿತು. ದೊಡ್ಡ, ತಿಳಿಯಾದ ಕಣ್ಣು. ಮುಂದೆ ಕೈ ಆಡಿಸಿದರೆ ರೆಪ್ಪೆ ಮಿಟುಕಲಿಲ್ಲ. ಕೆಚ್ಚಲು ಸಿಗದೆ ಗೋಡೆಯನ್ನು ನೆಕ್ಕುತ್ತಿತ್ತು. ಅತ್ತೆ ಅಲ್ಲೇ ಸೆಗಣಿಯ ಪಕ್ಕ ಕುಳಿತು ಅತ್ತರು. ನನಗೆ ಸಂತೋಷವಾಯಿತು. ಬರೆಯಲು ನಾಚಿಕೆ, ಆದರೆ ಆಗಿದ್ದು ಸಂತೋಷವೇ.

ದನದ ಡಾಕ್ಟರು ಬಂದರು. ಕಾರವಾರದ ಕಡೆಯವರು, ಸಮಾಧಾನದ ಮನುಷ್ಯ. ಕರುವಿನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ ಹೇಳಿದರು: “ಹೊಟ್ಟೆಯಾಗ ಇದ್ದಾಗ ವಿಟಮಿನ್ ಎ ಸಿಗದಿದ್ರ ಕಣ್ಣಿನ ನರ ಹಾದು ಬರೋ ಎಲುಬಿನ ದಾರಿ ಇಕ್ಕಟ್ಟಾಗ್ತದೆ, ನರ ಹಿಸುಕಿ ಹೋಗ್ತದೆ. ಇದರ ಕಣ್ಣು ಇನ್ನು ಬರೋದಿಲ್ಲ. ಆದ್ರ ಆಕಳಿಗೆ ಈಗ ಸೂಜಿ ಹಾಕಿ, ಹಸಿರು ಕೊಟ್ರ ಮುಂದಿನ ಕರು ಚಲೋ ಹುಟ್ತದೆ.” ಚೀಲದಿಂದ ಔಷಧದ ಶೀಷೆ ತೆಗೆದರು. ಮತ್ತೆ ಏನೋ ಯೋಚಿಸಿ ಕೇಳಿದರು, “ಬೆಣ್ಣೆ, ತುಪ್ಪ ಬೆಳ್ಳಗಾಗಿತ್ತೇನ್ರಿ? ಮೇವಿನ ಹಸಿರೇ ಅದಕ್ಕ ಹಳದಿ ಕೊಡೋದು. ಮೊದಲು ಅಲ್ಲೇ ಗೊತ್ತಾಗ್ತದೆ.”

ಅತ್ತೆ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದರು. ತುಪ್ಪದ ಭರಣಿಯನ್ನೇ ತಂದು ಡಾಕ್ಟರ ಮೂಗಿನ ಕೆಳಗೆ ಹಿಡಿದರು. “ನೋಡ್ರಿ ಸಾಹೇಬ್ರ. ಬಂಗಾರ ಐತಿ, ಬಂಗಾರ.”

ಡಾಕ್ಟರು ಭರಣಿಯನ್ನು ಬೆಳಕಿಗೆ ಹಿಡಿದರು. ನಾನು ಬಾಗಿಲಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ಬೆರಳ ತುದಿಯ ಅರಿಶಿನದ ಕಲೆಯನ್ನು ಸೆರಗಿಗೆ ಒರೆಸಿಕೊಂಡೆ.

“ಇಷ್ಟು ಹಳದಿ ಇದ್ರ ಮೇವಿನ ದೋಷ ಅಲ್ಲ ಬಿಡ್ರಿ. ತಳಿಯಾಗೇ ಏನೋ ಇರಬೇಕು. ಈ ಆಕಳನ್ನ ಮತ್ತ ಗಬ್ಬ ಮಾಡಿಸಬ್ಯಾಡ್ರಿ,” ಎಂದು ಶೀಷೆಯನ್ನು ಚೀಲಕ್ಕೆ ಹಾಕಿಕೊಂಡರು.

ಗಬ್ಬವಾಗದ ಆಕಳನ್ನು ಇಟ್ಟುಕೊಳ್ಳುವ ಮನೆ ನಮ್ಮದಲ್ಲ. ನಾಲ್ಕನೆಯ ದಿನ ದಲಾಲಿಯ ಟೆಂಪೋ ಬಂತು. ಎಲ್ಲಿಗೆ ಒಯ್ಯುತ್ತೀರಿ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕುರುಡು ಕರುವನ್ನು ಇಬ್ಬರು ಕಾಲು ಹಿಡಿದು ಎತ್ತಿ ಒಳಗೆ ಹಾಕಿದರು. ಗೇಟು ದಾಟುವಾಗ ಆಕಳು ಹಗ್ಗ ಜಗ್ಗಿ, ಕತ್ತು ಚಾಚಿ, ಹೊರಗಿನ ಹುಲ್ಲಿಗೆ ಬಾಯಿ ಹಾಕಿತು. ದಲಾಲಿ ಮೂತಿಗೆ ಬಾರಿಸಿದ. ಆಕಳು ಬಾಯಲ್ಲಿದ್ದದ್ದನ್ನು ಬಿಡಲಿಲ್ಲ, ಜಗಿಯುತ್ತಲೇ ಟೆಂಪೋ ಹತ್ತಿತು. ಅತ್ತೆ ಮುಖ ತಿರುಗಿಸಿಕೊಂಡು, “ಕೆಟ್ಟ ತಳಿ,” ಅಂದರು.

ಆಮೇಲೆ ಮನೆಯಲ್ಲಿ ದನ ಕಟ್ಟಲಿಲ್ಲ. ಪ್ಯಾಕೆಟ್ಟಿನ ಬಿಳಿ ಬೆಣ್ಣೆ ತಂದು ಕಾಯಿಸಿದೆ. ಅರಿಶಿನ ಹಾಕಲು ಕೈ ಹೋಗಲಿಲ್ಲ. ಬೆಳ್ಳನೆಯ ತುಪ್ಪ ಅತ್ತೆಯ ಅನ್ನದ ಮೇಲೆ ಬಿತ್ತು. ಬೈಗುಳಕ್ಕೆ ಕಾಯುತ್ತ, ಈ ಸಲ ಎಲ್ಲ ಹೇಳಿಯೇ ಬಿಡುತ್ತೇನೆ ಎಂದು ಚಮಚ ಹಿಡಿದು ನಿಂತಿದ್ದೆ.

ಅವರು ಕಲಸಿ, ಒಂದು ತುತ್ತು ತಿಂದು, ಹೇಳಿದರು: “ಇರಲಿ ಬಿಡವಾ. ಬಣ್ಣದಾಗ ಏನೈತಿ, ರುಚಿ ಇದ್ರ ಸಾಕು.”

ನಾನು ಇನ್ನೊಂದು ಚಮಚ ಬಡಿಸಿದೆ.