ಕೊನೆಯ ಸೀಟಿನ ಮಾರ್ಕು

ಮೊನ್ನೆ ಠಾಣೆ ನಗರದ ನಮ್ಮ ಆಫೀಸಿಗೆ ಸಹೋದ್ಯೋಗಿಯೊಬ್ಬರು ಮಗಳನ್ನು ಕರೆತಂದಿದ್ದರು. ಆ ಹುಡುಗಿ ಕಂಪಾಸ್ ಪೆಟ್ಟಿಗೆ ತೆರೆದದ್ದೇ ತಡ, ಸ್ಟ್ರಾಬೆರಿ ಪರಿಮಳದ ರಬ್ಬರಿನ ವಾಸನೆ ನನ್ನ ಮೇಜಿನವರೆಗೂ ಬಂತು. ಅಂಥದೇ ರಬ್ಬರನ್ನು ನನಗೆ ಮೊದಲು ಕೊಡಿಸಿದವರು ಅಕ್ಕೋರು...

ನಮ್ಮದು ವಿಜಯಪುರದ ಕಡೆಯ ಕುಟುಂಬ. ಎರಡು ಸಾವಿರದ ಇಸವಿ ಕಳೆದ ಹೊಸತು. ಬದಲಾಪುರದ ಹೊರಗೆ ಒಂದು ಹಳ್ಳಿಯಲ್ಲಿ ದೊಡ್ಡ ಕಟ್ಟಡ ಏಳುತ್ತಿತ್ತು. ಅಪ್ಪ, ಅವ್ವ ಅಲ್ಲಿ ಗಾರೆ ಕೆಲಸಕ್ಕಿದ್ದರು. ಪಕ್ಕದ ತಗಡಿನ ಶೆಡ್ಡೇ ನಮ್ಮ ಮನೆ, ಆ ಹಳ್ಳಿಯ ಮರಾಠಿ ಶಾಲೆಯೇ ನನ್ನ ಶಾಲೆ. ಉಡುಪಿಯವರಾದ ಅಕ್ಕೋರು ಪೇಟೆಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಒಂದು ಸಂಜೆ ಆ ಕಡೆ ತಿರುಗಾಡಲು ಬಂದವರು, ಅವ್ವ ನನ್ನನ್ನು ಕನ್ನಡದಲ್ಲಿ ಬೈಯುವುದನ್ನು ಕೇಳಿ ನಿಂತುಬಿಟ್ಟರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ನಾನು ಹಾಗೆ ಕರೆದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಆ ಹೆಸರೇ ಉಳಿಯಿತು.

ಅವರ ಮಗಳೂ ನನ್ನ ಹಾಗೆಯೇ ಐದನೇ ಕ್ಲಾಸು. ಆರನೇ ಕ್ಲಾಸಿನಿಂದ ಸರ್ಕಾರವೇ ಊಟ, ವಸತಿ ಕೊಟ್ಟು ಓದಿಸುವ ಶಾಲೆಯೊಂದಿದೆ, ಅದರ ಪ್ರವೇಶ ಪರೀಕ್ಷೆಗೆ ಇಬ್ಬರನ್ನೂ ಕೂರಿಸೋಣ ಎಂದು ಅಕ್ಕೋರು ಹೇಳಿದಾಗ ಅಪ್ಪ ಕೇಳಿದ: “ಎಷ್ಟ್ ಮಾರ್ಕ್ಸ್ ಬಂದ್ರ ಸೀಟ್ ಸಿಗತೈತ್ರಿ?”

“ಅದು ಮೊದಲೇ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ರೆ. ಕಟ್‌ಆಫ್ ಅಂದ್ರೆ ಪಾಸ್ ಮಾರ್ಕ್ ಅಲ್ಲ. ಸೀಟೆಲ್ಲ ತುಂಬಿದ ಮೇಲೆ ಕೊನೆಯ ಸೀಟು ಸಿಕ್ಕಿದ ಮಗುವಿಗೆ ಎಷ್ಟು ಬಂದಿರ್ತದೋ ಅದೇ ಕಟ್‌ಆಫ್. ಒಂದು ವರ್ಷ ಏರ್ತದೆ, ಒಂದು ವರ್ಷ ಇಳೀತದೆ. ಮತ್ತೆ ಹಳ್ಳಿ ಶಾಲೆಯ ಮಕ್ಕಳಿಗೆ ಬೇರೆ ಸೀಟು ಉಂಟು. ಲೋಕಲ್ ರೈಲಿನಲ್ಲಿ ಲೇಡೀಸ್ ಡಬ್ಬ ಬೇರೆ ಇರುದಿಲ್ವಾ, ಹಾಗೆ.”

ಪ್ರತಿ ಭಾನುವಾರ ಅವರ ಮನೆಯ ನೆಲದ ಮೇಲೆ ನಾವಿಬ್ಬರೂ ಕೂತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಪೆನ್ಸಿಲ್ಲಿನಲ್ಲಿ ಬಿಡಿಸುತ್ತಿದ್ದೆವು. ಅಕ್ಕೋರು ಕೊಡಿಸಿದ ಆ ಪರಿಮಳದ ರಬ್ಬರಿನಿಂದ ಅಳಿಸಿ, ಮುಂದಿನ ವಾರ ಅದನ್ನೇ ಮತ್ತೆ ಬಿಡಿಸಬೇಕು. ಒಂದು ವಾರವೂ ನಾನು ಅವರ ಮಗಳನ್ನು ಮೀರಿಸಲಿಲ್ಲ. ಆದರೂ ಅಕ್ಕೋರು ತಪ್ಪು ತಿದ್ದುವಾಗ ಮೊದಲು ನನ್ನ ಹಾಳೆಯನ್ನೇ ಎತ್ತಿಕೊಳ್ಳುತ್ತಿದ್ದರು.

ಫಲಿತಾಂಶ ಬಂತು. ನನ್ನ ನಂಬರಿತ್ತು, ಅವರ ಮಗಳದ್ದು ಇರಲಿಲ್ಲ.

ಸುದ್ದಿ ಹೇಳಲು ಅಕ್ಕೋರೇ ಮಗಳನ್ನು ಕರೆದುಕೊಂಡು ನಮ್ಮ ಶೆಡ್ಡಿಗೆ ಬಂದರು. ಅವರ ಬಿಲ್ಡಿಂಗಿನವರು ಆಗಲೇ ಮಾತು ಶುರು ಮಾಡಿದ್ದರಂತೆ: ಜಾಣ ಹುಡುಗಿಯನ್ನು ಬಿಟ್ಟು ಕೂಲಿಯವರ ಹುಡುಗಿಗೆ ಸೀಟೇ, ಕಂಪ್ಲೇಂಟ್ ಕೊಡಿ ಎಂದು. ಅದು ಅಪ್ಪನ ಕಿವಿಗೂ ಬಿದ್ದಿತ್ತು. ಅವನು ಸಿಮೆಂಟು ಮೆತ್ತಿದ ಕೈಯನ್ನು ಮುಗಿದೇ ಮಾತಾಡಿದ.

“ನಿಮ್ಮ ಅನ್ನದಾಗ ನಾವು ಕೈ ಹಾಕಿದಂಗ ಆತ್ರಿ ಅಕ್ಕೋರ. ನಮ್ಮ ಹುಡುಗಿ ಹೋಗೂದು ಬ್ಯಾಡ. ಆ ಸೀಟ್ ನಿಮ್ಮ ಮಗಳಿಗೇ ಇರಲಿ.”

“ನೀವು ಬಿಟ್ರೆ ಅದು ಇವಳಿಗೆ ಬರುದಿಲ್ಲ. ಅದು ಹಳ್ಳಿ ಶಾಲೆಯ ಸೀಟು, ಇನ್ನೊಂದು ಹಳ್ಳಿಯ ಮಗುವಿಗೆ ಹೋಗ್ತದೆ. ನನ್ನ ಮಗಳಿಂದ ಯಾರೂ ಏನೂ ಕಸಿದುಕೊಳ್ಳಲಿಲ್ಲ.”

ಅಷ್ಟರಲ್ಲಿ ಮಗಳು ಹಿಂದಿಯಲ್ಲಿ ಕೇಳಿಯೇ ಬಿಟ್ಟಳು: “ಲೇಕಿನ್ ಅಮ್ಮಾ, ಮಾರ್ಕ್ಸ್ ತೋ ಹಮೇಶಾ ಮೇರೇ ಜ್ಯಾದಾ ಆತೇ ಥೇ ನಾ?”

ಅಕ್ಕೋರು ಅವಳ ಎದುರು ಕುಕ್ಕರಗಾಲಲ್ಲಿ ಕೂತು, “ಹೌದು ಮಗಾ, ನಿನಗೇ ಜಾಸ್ತಿ ಬರ್ತಿತ್ತು. ಈ ಸಲವೂ ಜಾಸ್ತಿಯೇ ಬಂದಿರಬಹುದು. ಆದ್ರೆ ನಿನಗೆ ಓದಲಿಕ್ಕೆ ಕೋಣೆ ಇತ್ತು, ಲೈಟ್ ಇತ್ತು, ನಾನಿದ್ದೆ. ಇವಳು ನೀರು ತಂದು, ತಮ್ಮನನ್ನು ಮಲಗಿಸಿ ಬರೆದದ್ದು. ಇಬ್ಬರಿಗೂ ಒಂದೇ ಗೆರೆ ಎಳೆದರೆ ಅದು ನ್ಯಾಯವಾ?” ಎಂದರು.

ಮಗಳು ಮುಖ ತಿರುಗಿಸಿಕೊಂಡು ಹೊರಗೆ ಹೋದಳು.

ನನ್ನನ್ನು ಹಾಸ್ಟೆಲಿಗೆ ಬಿಡಲು ಅಪ್ಪನ ಜೊತೆ ಅಕ್ಕೋರೇ ಬಂದರು. ದಾಖಲಾತಿಯ ಮೇಜಿನ ಮುಂದೆ ಮಾತಾಡಿದವರು ಅವರು, ಮಂಚಕ್ಕೆ ಹಾಸಿಗೆ ಹಾಸಿಕೊಟ್ಟವರೂ ಅವರೇ. ಮುಂದೆ ರಜೆಗೆ ಬಂದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಗಣಿತದಲ್ಲಿ ಯಾವ ಪಾಠ ನಡೆಯುತ್ತಿದೆ, ಮೆಸ್ಸಿನ ಚಪಾತಿ ಬೆಂದಿರುತ್ತದೋ ಇಲ್ಲವೋ... ಎಲ್ಲವನ್ನೂ ಕೇಳುತ್ತಿದ್ದರು. ಮಗಳು ಮಾತ್ರ ಯಾವಾಗಲೂ ಟ್ಯೂಷನ್ನಿಗೋ ಗೆಳತಿಯ ಮನೆಗೋ ಹೋಗಿರುತ್ತಿದ್ದಳು.

ಅಕ್ಕೋರು ತೀರಿಕೊಂಡು ಕೆಲವು ವರ್ಷಗಳಾದವು. ಆಗ ಅವರ ಮನೆ ಡೊಂಬಿವಲಿಗೆ ಬದಲಾಗಿತ್ತು. ಸುದ್ದಿ ತಿಳಿದು ನಾನು ಹೋದಾಗ ಬಾಗಿಲು ತೆರೆದವಳು ಮಗಳು, ಈಗ ಮಹಾಪೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾಳೆ. ಚಹಾ ತಂದುಕೊಟ್ಟು ಎದುರು ಕೂತಳು.

“ಆ ವರ್ಷ ನಾನು ಅಮ್ಮನ ಹತ್ರ ಸರಿಯಾಗಿ ಮಾತಾಡ್ಲೇ ಇಲ್ಲ, ಗೊತ್ತುಂಟಾ?” ಎಂದಳು. “ನೀನು ಬರುವ ದಿನ ನಾನು ಬೇಕಂತಲೇ ಹೊರಗೆ ಹೋಗ್ತಿದ್ದೆ. ನೀನು ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ಕೂತು ಅಳ್ತಿದ್ದಳಂತೆ, ಪಪ್ಪ ಹೇಳಿದ್ರು. ನಿನ್ನ ಹತ್ರ ಯಾವತ್ತಾದ್ರೂ ಹೇಳಿದ್ಳಾ?”

ಇಲ್ಲ ಎಂದು ತಲೆಯಾಡಿಸಿದೆ. ನನ್ನ ಎದುರು ಅವರು ನಗುತ್ತಿದ್ದದ್ದಷ್ಟೇ ನನಗೆ ನೆನಪಿದೆ. ಆ ಸೀಟಿಗಾಗಿ ಅವರು ತೆತ್ತದ್ದು ಇಷ್ಟೊಂದು ಎಂದು ಗೊತ್ತಾದಾಗ, ಕಾಲು ಮುಟ್ಟಿ ಒಂದು ಮಾತು ಹೇಳಲು ಅವರೇ ಇರಲಿಲ್ಲ.