ಗಂಜಿ ಹಚ್ಚಿದ ನರ

ಎಪ್ಪತ್ತರ ದಶಕದ ಕೊನೆಯ ಮಾತು. ಇಳಕಲ್ಲಿನಲ್ಲಿ ನಮ್ಮ ಕಾಕಾ ಒಂದು ಮಧ್ಯಾಹ್ನ ಊಟ ಮುಗಿಸಿ, ಬಲದೋಳನ್ನು ಮಗ್ಗದ ಮರದ ಮೇಲೆ ಇಳಿಬಿಟ್ಟು ಕೂತಲ್ಲೇ ನಿದ್ದೆಹೋದ. ಎದ್ದಾಗ ಮಣಿಕಟ್ಟು ಜೋತುಬಿದ್ದಿತ್ತು. ಬೆರಳು ಮೇಲೆತ್ತಲು ಬರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಮನೆಯಲ್ಲಿ ನೇಯುವವನು ಅವನೊಬ್ಬನೇ.

ಓಣಿ ಒಂದು ತಾಸಿನೊಳಗೆ ಲಕ್ವಾ ಎಂದು ತೀರ್ಮಾನಿಸಿತು. ಮದ್ದನ್ನೂ ಹೇಳಿತು: ಕಾಯಿಸಿದ ಸರಳಿನಿಂದ ತೋಳಿಗೆ ಬರೆ. ಪಕ್ಕದ ಮನೆಯಿಂದ ಸರಳೂ ಬಂತು. ಕಾಕಾನ ಹೆಂಡತಿ, ನಮ್ಮ ಕಾಕು, ಅದನ್ನು ಒಲೆಯ ಪಕ್ಕ ಇಟ್ಟಳು. ನಾನು ಕಾಕಾನನ್ನು ಬಾಗಲಕೋಟೆಯ ಬಸ್ಸು ಹತ್ತಿಸಿದೆ.

ವೈದ್ಯರು ಅವನನ್ನು ನಗಿಸಿ ನೋಡಿದರು, ನಡೆಸಿ ನೋಡಿದರು. ಬಾಯಿ ಸೊಟ್ಟಗಿರಲಿಲ್ಲ, ಕಾಲು ನೆಟ್ಟಗಿತ್ತು.

"ಮೆದುಳಿಂದೇನೂ ತಪ್ಪಿಲ್ಲ. ಲಕ್ವಾ ಅಲ್ರಿ ಇದು," ಎಂದರು. ನನ್ನ ಕೈಯಲ್ಲಿದ್ದ ಪತ್ರಿಕೆಯ ಅಂಚಿನಲ್ಲಿ ಕುತ್ತಿಗೆಯಿಂದ ಹೆಬ್ಬೆರಳಿನವರೆಗೆ ಒಂದು ಗೆರೆ ಎಳೆದರು. ಈ ನರ ತೋಳಿನ ಎಲುಬಿಗೆ ಹಿಂದಿನಿಂದ ಸುತ್ತಿ ಇಳಿಯುತ್ತದೆ. ಮರದ ಅಂಚು ಅದನ್ನು ಅಲ್ಲಿಯೇ ಒತ್ತಿದೆ. ಎಳೆ ಹರಿದಿಲ್ಲ, ಮೇಲಿನ ಹೊದಿಕೆ ಸವೆದಿದೆ. ನರದ ಒಳಗೂ ಹೊರಗೂ ಉಪ್ಪಿನ ಕಣಗಳು ಓಡಾಡಿ ಸಂದೇಶ ಸಾಗಿಸುತ್ತವೆ. ಹೊದಿಕೆ ಕೆಟ್ಟರೆ ಸಂದೇಶ ನಡುದಾರಿಯಲ್ಲಿ ನಿಲ್ಲುತ್ತದೆ.

"ನರ ಹೋಗಿ ಮಾಂಸಖಂಡಕ್ಕ ಗಂಟು ಹಾಕ್ಕೊಂಡಿರತೈತೇನ್ರಿ?" ಕಾಕಾ ಕೇಳಿದ.

"ಇಲ್ಲ. ನಡುವ ಸಣ್ಣ ಸಂದಿ ಇರತೈತಿ. ನರದ ತುದಿಯಿಂದ ಒಂದು ರಸಾಯನ ಹೊರಗ ಬಂದು ಆ ಸಂದಿ ದಾಟತೈತಿ. ಆಗ ಕೈ ಏಳತೈತಿ."

"ಗಂಟಿಲ್ಲದ ಎಳಿ! ನಾ ಹಿಂಗ ನೇಯ್ದಿದ್ರ ಮಾಲಕ ಸೀರಿ ಮಾರಿಮ್ಯಾಲೆ ಒಗೀತಿದ್ದ."

ಮಣಿಕಟ್ಟನ್ನು ಎತ್ತಿ ಪಟ್ಟಿಗೆ ಕಟ್ಟಿ, ಎಂಟು ವಾರ ಕಾಯಲು ಹೇಳಿದರು. ಹೊದಿಕೆ ತಾನೇ ಬೆಳೆಯುತ್ತದೆ, ಹಚ್ಚುವ ಮದ್ದಿಲ್ಲ ಎಂದರು. ಮನೆಗೆ ಬಂದು ಹೇಳಿದಾಗ ಕಾಕು ಅವಧಿಯನ್ನು ಒಪ್ಪಿಕೊಂಡಳು. "ಎಂಟು ವಾರ. ಆಮ್ಯಾಲೆ ಯಾರ ಮಾತೂ ಕೇಳಂಗಿಲ್ಲ," ಎಂದು ಸರಳನ್ನು ತೋರಿಸಿದಳು.

ಎಳೆಗೆ ಹೊದಿಕೆ ಹೇಗೆ ಕೊಡಬೇಕೆಂದು ನೇಕಾರನಿಗೆ ಯಾರೂ ಕಲಿಸಬೇಕಿಲ್ಲ. ಮಾರನೆಯ ದಿನದಿಂದಲೇ ಕಾಕಾ ಮಗ್ಗದ ಹಾಸುನೂಲಿಗೆ ಹಚ್ಚುವ ಗಂಜಿಯನ್ನು ಕುಂಚದಿಂದ ತೋಳಿಗೆ ಬಳಿದುಕೊಂಡು, ಓಣಿಯಲ್ಲಿ ನೂಲು ಒಣಗುವ ಸಾಲಿನಲ್ಲೇ ಬಿಸಿಲಿಗೆ ಕೂತ.

"ಇದನ್ನ ಡಾಕ್ಟರು ಹೇಳಿದ್ರೇನು?" ಎಂದೆ.

"ಅವರಿಗೆ ಗಂಜಿ ಕೆಲಸ ಎಲ್ಲಿ ಗೊತ್ತಲೇ?"

ಏಳು ವಾರ ಹೀಗೇ ನಡೆಯಿತು. ಕೈ ಜೋತೇ ಇತ್ತು. ಎಂಟನೆಯ ವಾರದ ಎರಡನೆಯ ದಿನ, ಪಟ್ಟಿ ಬಿಚ್ಚಿ ಕೂತಿದ್ದಾಗ, ಗಂಜಿಗೆ ಕೆಂಪಿರುವೆ ಮುತ್ತಿದವು. ಒಂದು ಕಚ್ಚಿತು. ಕಾಕಾ ಕೈ ಝಾಡಿಸಿದ. ಮಣಿಕಟ್ಟು ಒಂದು ಬೆರಳಿನಷ್ಟು ಮೇಲೆದ್ದಿತು.

ಕಾಕು ಬಾಗಿಲಲ್ಲೇ ನಿಂತಿದ್ದಳು. "ಇನ್ನೊಮ್ಮೆ ಝಾಡಿಸ್ರಿ," ಎಂದಳು.

ಝಾಡಿಸಿದ. ಮತ್ತೆ ಎದ್ದಿತು.

"ಇರುವಿ ಕಡೀಲಾರದ ಝಾಡಿಸ್ರಿ."

ಆಗಲೂ ಎದ್ದಿತು. ಕಾಕು ಒಳಗೆ ಹೋಗಿ ಸರಳು ತಂದು, ಪಕ್ಕದ ಮನೆಗೆ ಕೊಟ್ಟು ಬಂದಳು. ತಿಂಗಳೊಪ್ಪತ್ತಿನಲ್ಲಿ ಸೀರೆ ಮಗ್ಗದಿಂದ ಇಳಿಯಿತು.

ಮಣಿಕಟ್ಟು ಎದ್ದ ದಿನ ವೈದ್ಯರು ಹೇಳಿದ ಅವಧಿಗೆ ಇನ್ನೂ ಐದು ದಿನ ಬಾಕಿಯಿತ್ತು. ಆ ಐದು ದಿನ ಉಳಿಸಿದ್ದು ಗಂಜಿಯೇ ಎಂದು ಕಾಕಾ ಕೊನೆಯವರೆಗೂ ವಾದಿಸಿದ.